ದ್ರಾಕ್ಷಿಯ ಸೀಮೆಯ ಡೆಲಾನೋ ನಗರ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ಪ್ರಾಂತವೆಂದೊಡನೆ ನಮ್ಮ ವಾಚಕರ ಮನಸ್ಸಿಗೆ ಬರುವುದು ಸ್ಯಾನ್ ಫ್ರಾನ್ಸಿಸ್ಕೋದ ಬಂದರು, ಇಲ್ಲವೇ ಚಲಚ್ಚಿತ್ರಗಳ ತವರಾದ ಹಾಲಿವುಡ್. ಇವೆರಡಕ್ಕೂ ದೂರವಾಗಿ, ಒಳನಾಡಿನ ಸ್ಯಾನ್ ವಾಕೀನ್ ಕಣಿವೆಯಲ್ಲಿ ಡೆಲಾನೋ ಎಂಬ ಸಣ್ಣ ನಗರವೊಂದುಂಟು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 51 ಸಾವಿರ. ನೋಡಲು ವಿಶೇಷವೇನೂ ಇಲ್ಲದ ಈ ಊರು ಕೂಲಿಕಾರರ ಚರಿತ್ರೆಯಲ್ಲಿ ಮಹಾನಗರಗಳಿಗೂ ದೊರೆಯದ ಸ್ಥಾನವನ್ನು ಪಡೆದಿದೆ. ಅದು ಹೇಗೆಂಬುದನ್ನು ತಿಳಿಯುವುದು ವಿಹಿತ.

ಡೆಲಾನೋ ರೈಲ್ವೆಯ ಕೂಸು. 1873ರಲ್ಲಿ ಸದರನ್ ಪೆಸಿಫಿಕ್ ಕಂಪೆನಿಯವರು ಕಣಿವೆಯ ಉದ್ದಕ್ಕೂ ಹಳಿ ಹಾಕುತ್ತ ಬಂದು, ಕೆಲವು ಕಾಲ ಇಲ್ಲಿಯೇ ಕೆಲಸ ನಿಲ್ಲಿಸಿದರು. ಹಳಿಯ ಕೊನೆಯಲ್ಲಿ ಊರು ಹುಟ್ಟಿತು. ಅಂದಿನ ಕೇಂದ್ರ ಸರಕಾರದಲ್ಲಿ ಒಳನಾಡಿನ ಖಾತೆಯ ಮಂತ್ರಿಯಾಗಿದ್ದ ಕೊಲಂಬಸ್ ಡೆಲಾನೋ ಎಂಬವರ ಹೆಸರನ್ನು ಅದಕ್ಕೆ ಇಟ್ಟರು. 1915ರಲ್ಲಿ ಅದು ನಗರಸಭೆಯ ಪದವಿಯನ್ನು ಪಡೆಯಿತು. ಮಳೆ ಅತ್ಯಲ್ಪವಾದ ಆ ಸೀಮೆಗೆ ಪೂರ್ವದಿಕ್ಕಿನ ಸಿಯೆರಾ ನೆವಾಡಾ ಪರ್ವತಗಳ ಹಿಮ ಕರಗಿ ಬರುವ ನೀರೂ ಆಳವಾದ ಬಾವಿಗಳ ನೀರೂ ಜೀವಾಧಾರ. ಈ ನೀರನ್ನು ನಂಬಿ ಕ್ರೊಯೇಷಿಯಾ, ಇಟಲಿ ಮುಂತಾದ ದೂರ ದೇಶಗಳಿಂದ ಬಡವರಾಗಿ ಬಂದ ಕುಟುಂಬಗಳು ದ್ರಾಕ್ಷಿಯ ತೋಟಗಳನ್ನು ಎಬ್ಬಿಸಿ, ಕಾಲಕ್ರಮದಲ್ಲಿ ಶ್ರೀಮಂತರಾದವು. ಅವರ ಉದ್ಯಮಶೀಲತೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಹಣ್ಣಾಗಿ ತಿನ್ನುವ ದ್ರಾಕ್ಷಿ ಯಂತ್ರಕ್ಕೆ ವಶವಾಗುವ ಬೆಳೆಯಲ್ಲ. ಚಳಿಗಾಲದಲ್ಲಿ ಬಳ್ಳಿಯನ್ನು ಸವರಬೇಕು; ಕಾಯಿ ಕಟ್ಟಿದಾಗ ಗೊಂಚಲನ್ನು ವಿರಳ ಮಾಡಬೇಕು; ಹಣ್ಣಾದಾಗ ಕತ್ತರಿಯಿಂದ ಕೊಯ್ದು, ಕೆಟ್ಟದ್ದನ್ನು ತೆಗೆದು, ಪೆಟ್ಟಿಗೆಯಲ್ಲಿ ಜೋಡಿಸಬೇಕು. ಇದೆಲ್ಲ ನುರಿತ ಕೈಗಳ ಕೆಲಸ. ಆ ಕೈಗಳಲ್ಲಿ ಬಹುಪಾಲು ಮೆಕ್ಸಿಕೋದವರವು ಮತ್ತು ಫಿಲಿಪ್ಪೀನ್ ದ್ವೀಪಗಳವರವು. ಫಿಲಿಪ್ಪೀನ್ 1898ರಿಂದ ಅಮೆರಿಕದ ಅಧೀನದಲ್ಲಿದ್ದುದರಿಂದ ಅಲ್ಲಿನ ತರುಣರು 1920 ಮತ್ತು 30ರ ದಶಕಗಳಲ್ಲಿ ಸಾವಿರಗಟ್ಟಲೆಯಾಗಿ ಬಂದರು. ಅವರ ದುಡಿಮೆ ಬೇಕಾಗಿತ್ತು. ಅವರ ಸಂಸಾರ ಬೇಕಾಗಿರಲಿಲ್ಲ. ಬಿಳಿಯ ಹೆಂಗಸರನ್ನು ಅವರು ಮದುವೆಯಾಗದಂತೆ ಕ್ಯಾಲಿಫೋರ್ನಿಯಾದ ಕಾನೂನು ತಡೆಯಿತು. ಆ ಕಾನೂನು ನ್ಯಾಯಾಲಯದಲ್ಲಿ ಬಿದ್ದುಹೋದದ್ದು 1948ರಲ್ಲಿ. ಅಷ್ಟರಲ್ಲಿ ಅವರ ಯೌವನ ಕಳೆದಿತ್ತು. ಒಡೆಯರ ಬಿಡಾರಗಳಲ್ಲಿ ಒಂಟಿಯಾಗಿಯೇ ಮುಪ್ಪಾದ ಈ ಜನರನ್ನು ಅವರ ಕಿರಿಯರು ‘ಮನೋಂಗ್’ ಎಂದು ಕರೆಯುತ್ತಿದ್ದರು. ಆ ದ್ವೀಪಗಳ ಇಲೋಕಾನೋ ಭಾಷೆಯಲ್ಲಿ ಅದಕ್ಕೆ ಅಣ್ಣ ಎಂದರ್ಥ.

1935ರಲ್ಲಿ ಅಮೆರಿಕದ ಶಾಸನಸಭೆ ಕೂಲಿಕಾರರಿಗೆ ಸಂಘ ಕಟ್ಟುವ ಹಕ್ಕನ್ನು ರಕ್ಷಿಸುವ ಕಾನೂನನ್ನು ಮಾಡಿತಷ್ಟೆ. ಹೊಲದಲ್ಲಿ ದುಡಿಯುವವರನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಹೀಗಾಗಿ ಅವರ ಪಾಲಿಗೆ ಒಗ್ಗಟ್ಟೊಂದೇ ಕಾನೂನಾಗಿತ್ತು. 1965ರ ಬೇಸಗೆಯಲ್ಲಿ ದಕ್ಷಿಣದ ಕೊಯಚೆಲ್ಲಾ ಕಣಿವೆಯಲ್ಲಿ ಗಂಟೆಗೆ 1 ಡಾಲರು 40 ಸೆಂಟಿನ ಕೂಲಿಯನ್ನು ಗಳಿಸಿದ್ದ ಫಿಲಿಪಿನೋ ಕೂಲಿಕಾರರು, ಡೆಲಾನೋದಲ್ಲಿಯೂ ಅದನ್ನೇ ಕೇಳಿದರು. ಒಡೆಯರು ಒಪ್ಪಲಿಲ್ಲ. ಸೆಪ್ಟೆಂಬರು 8ರಂದು, ಹಣ್ಣು ಬಲಿತು ನಿಂತ ಕಾಲದಲ್ಲಿ, ಅವರು ಕೆಲಸ ನಿಲ್ಲಿಸಿದರು. ಅವರ ಮುಂದಾಳು ಲ್ಯಾರಿ ಇಟ್ಲಿಯಾಂಗ್ 1929ರಲ್ಲಿ ಹದಿಹರೆಯದವನಾಗಿ ಈ ದೇಶಕ್ಕೆ ಬಂದವನು. ದುಡಿಮೆಯಲ್ಲಿ ಮೂರು ಬೆರಳುಗಳನ್ನು ಕಳೆದುಕೊಂಡವನು. ಫಿಲಿಪ್ ವೆರಾ ಕ್ರೂಸ್ ಮುಂತಾದವರು ಅವನ ಜೊತೆಗಾರರು.

ಇಲ್ಲಿಯವರೆಗೆ ಒಡೆಯರಿಗೆ ಒಂದು ಉಪಾಯ ತಿಳಿದಿತ್ತು. ಫಿಲಿಪಿನೋಗಳು ಮುಷ್ಕರ ಹೂಡಿದರೆ ಮೆಕ್ಸಿಕೋದವರನ್ನು ತರುವುದು; ಮೆಕ್ಸಿಕೋದವರು ಹೂಡಿದರೆ ಫಿಲಿಪಿನೋಗಳನ್ನು ತರುವುದು. ಒಬ್ಬರ ಹಸಿವಿನಿಂದ ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆಯುವ ಈ ನೀತಿ ದಶಕಗಳ ಕಾಲ ಫಲಿಸಿತ್ತು. ಇದನ್ನು ಬಲ್ಲ ಇಟ್ಲಿಯಾಂಗ್, 1962ರಲ್ಲಿ ಸೀಸರ್ ಚಾವೆಜ್ ಮತ್ತು ಡೊಲೋರೆಸ್ ಹುಯೆರ್ಟಾ ಕಟ್ಟಿದ್ದ ಮೆಕ್ಸಿಕನ್ ಕೂಲಿಕಾರರ ಸಂಘದ ಬಳಿಗೆ ಹೋಗಿ ನೆರವು ಬೇಡಿದನು. ತಮ್ಮ ಸಂಘ ಇನ್ನೂ ಎಳೆಯದೆಂದು ಚಾವೆಜ್ ಹಿಂಜರಿದನು. ಆದರೆ ಸೆಪ್ಟೆಂಬರು 16ರಂದು, ಮೆಕ್ಸಿಕೋದ ಸ್ವಾತಂತ್ರ್ಯ ದಿನದಂದೇ, ಊರಿನ ಇಗರ್ಜಿಯ ಸಭಾಗೃಹದಲ್ಲಿ ನೆರೆದ ಜನ ಒಕ್ಕೊರಲಿನಿಂದ ಮುಷ್ಕರಕ್ಕೆ ಸೇರಿದರು. ಫಿಲಿಪಿನೋ ಸಭಾಭವನದ ಒಂದೇ ಅಡಿಗೆಮನೆಯಲ್ಲಿ ಎರಡೂ ಜನಾಂಗಗಳು ಉಣತೊಡಗಿದವು. ಡೆಲಾನೋದ ನಿಜವಾದ ವಿಜಯ ಅಂದೇ ಆಯಿತೆಂದು ನಮ್ಮ ಅಭಿಪ್ರಾಯ. ಉಳಿದದ್ದು ಅದರ ಫಲ. 1966ರಲ್ಲಿ ಎರಡು ಸಂಘಗಳೂ ಕೂಡಿ ಒಂದಾದವು.

ಆ ಫಲ ಬೇಗನೆ ಕೈಗೆ ಬರಲಿಲ್ಲ. ಐದು ವರ್ಷ ಹಿಡಿಯಿತು. 1966ರ ವಸಂತದಲ್ಲಿ ಮುಷ್ಕರಗಾರರು ಪ್ರಾಂತದ ರಾಜಧಾನಿ ಸ್ಯಾಕ್ರಮೆಂಟೋಗೆ ಸುಮಾರು 300 ಮೈಲಿಗಳ ಪಾದಯಾತ್ರೆ ಮಾಡಿದರು. ಡೆಲಾನೋದಲ್ಲಿಯೇ ಹುಟ್ಟಿದ ಲೂಯಿಸ್ ವಾಲ್ಡೆಜ್ ಎಂಬ ತರುಣನು ಕೂಲಿಕಾರರನ್ನೇ ನಟರನ್ನಾಗಿ ಮಾಡಿ, ಲಾರಿಯ ಹಲಗೆಯನ್ನೇ ರಂಗಸ್ಥಳವಾಗಿಸಿ, ಒಡೆಯರನ್ನೂ ಮೇಸ್ತ್ರಿಗಳನ್ನೂ ಹಾಸ್ಯ ಮಾಡುವ ಕಿರುನಾಟಕಗಳನ್ನು ಆಡಿಸಿದನು. ಕಷ್ಟದ ನಡುವೆ ನಗುವನ್ನು ಉಳಿಸಿದ ಆ ನಾಟಕ ಮಂಡಳಿಯು ಅಮೆರಿಕದ ರಂಗಭೂಮಿಯಲ್ಲಿ ಹೊಸ ಪಂಥವನ್ನೇ ತೆರೆಯಿತು. ತಾಳ್ಮೆಗೆಟ್ಟ ಕೆಲವರು ಹಿಂಸೆಯ ಮಾತಾಡಿದಾಗ, 1968ರಲ್ಲಿ ಚಾವೆಜ್ 25 ದಿನಗಳ ಉಪವಾಸವನ್ನು ಕೈಗೊಂಡನು. ಮಹಾತ್ಮಾ ಗಾಂಧಿಯವರ ಮಾರ್ಗವನ್ನು ಓದಿ ತಿಳಿದವನು ಅವನು. ದೇಶದ ಮೂಲೆಮೂಲೆಯ ಗೃಹಿಣಿಯರು ಅಂಗಡಿಯಲ್ಲಿ ದ್ರಾಕ್ಷಿಯನ್ನು ಕೊಳ್ಳದೆ ಬಿಟ್ಟರು. ಕೊನೆಗೆ 1970ರ ಜುಲೈ 29ರಂದು ಡೆಲಾನೋದ ತೋಟದ ಒಡೆಯರು ಸಂಘದೊಡನೆ ಕರಾರಿಗೆ ರುಜು ಹಾಕಿದರು. ಕೂಲಿ ಗಂಟೆಗೆ 1 ಡಾಲರು 80 ಸೆಂಟಿಗೆ ಏರಿತು.

ಗೆದ್ದ ಮೇಲಿನ ಕಥೆಯನ್ನೂ ಮುಚ್ಚಿಡದೆ ಹೇಳಬೇಕು. ಕರಾರಿನಂತೆ ಕೆಲಸ ಹಂಚುವ ಅಧಿಕಾರ ಸಂಘದ ಕಚೇರಿಗೆ ಬಂದುದರಿಂದ, ಬಹುಕಾಲ ಒಟ್ಟಾಗಿ ದುಡಿದಿದ್ದ ಫಿಲಿಪಿನೋ ತಂಡಗಳು ಒಡೆದವು. ಸಂಘದಲ್ಲಿ ಅವರು ಅಲ್ಪಸಂಖ್ಯಾತರು. ಮನನೊಂದ ಇಟ್ಲಿಯಾಂಗ್ 1971ರಲ್ಲಿ ಸಂಘವನ್ನು ಬಿಟ್ಟನು. 1977ರಲ್ಲಿ ಡೆಲಾನೋದಲ್ಲಿಯೇ ತೀರಿಕೊಂಡನು. ಬಿಡಾರವನ್ನೂ ಕಳೆದುಕೊಂಡ ಮುದುಕರಿಗಾಗಿ 1974ರಲ್ಲಿ, ದೂರದೂರದಿಂದ ಬಂದ ಸ್ವಯಂಸೇವಕರ ಶ್ರಮದಿಂದ, ಸಂಘದ ಜಮೀನಿನಲ್ಲಿ ಅಗ್ಬಯಾನಿ ಗ್ರಾಮವೆಂಬ ವಸತಿ ಎದ್ದಿತು. ಮುಷ್ಕರದ ಕಾವಲಿನಲ್ಲಿ ನಿಂತಿದ್ದಾಗಲೇ ಹೃದಯಾಘಾತದಿಂದ ಮಡಿದ ಕೂಲಿಕಾರನೊಬ್ಬನ ಹೆಸರು ಅದು. ಲೋಕವು ಮುಷ್ಕರವನ್ನು ಮೆಕ್ಸಿಕನ್ನರದೆಂದು ಕೊಂಡಾಡಿತು. ಮೊದಲ ದಿನ ಎದ್ದು ನಿಂತವರು ಅರ್ಧ ಶತಮಾನ ಕಾಲ ಅಡಿಟಿಪ್ಪಣಿಯಾಗಿ ಉಳಿದರು.

ಈಗ ಆ ತಪ್ಪು ತಿದ್ದಲ್ಪಡುತ್ತಿರುವುದು ಸಮಾಧಾನದ ಸಂಗತಿ. ಫಿಲಿಪಿನೋಗಳ ಪಾತ್ರವನ್ನು ಶಾಲೆಗಳಲ್ಲಿ ಕಲಿಸಬೇಕೆಂದು 2013ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಇಟ್ಲಿಯಾಂಗನ ಜನ್ಮದಿನವಾದ ಅಕ್ಟೋಬರು 25ನ್ನು 2015ರಿಂದ ಸ್ಮರಣದಿನವಾಗಿ ಆಚರಿಸುತ್ತಿದೆ. ಜಯವನ್ನು ಗಳಿಸಲು ಒಗ್ಗಟ್ಟು ಬೇಕೆಂಬುದು ಎಲ್ಲರೂ ಬಲ್ಲ ಮಾತು. ಗಳಿಸಿದ ಜಯವನ್ನು ಹಂಚಿಕೊಳ್ಳಲು, ಅಷ್ಟೇ ಅಲ್ಲ, ಅದರ ಕೀರ್ತಿಯನ್ನು ಹಂಚಿಕೊಳ್ಳಲು ಅದಕ್ಕಿಂತ ಹೆಚ್ಚಿನ ಒಗ್ಗಟ್ಟು ಬೇಕು. ಸಂಖ್ಯೆಯಲ್ಲಿ ಹೆಚ್ಚಾದವರು ಕಡಮೆಯಾದವರ ಋಣವನ್ನು ಮರೆತರೆ, ಒಡೆಯನ ಹಳೆಯ ಉಪಾಯವೇ ಬೇರೊಂದು ಬಾಗಿಲಿನಿಂದ ಒಳಗೆ ಬಂದಂತಾಗುವುದು. ಡೆಲಾನೋ ಈ ಪಾಠವನ್ನು ತಡವಾಗಿ ಕಲಿಯಿತು. ಒಟ್ಟಾಗಿ ಹೋರಾಡುವವರು ಎಲ್ಲಿಯೇ ಇರಲಿ, ಇದನ್ನು ಮೊದಲೇ ಕಲಿಯುವುದು ಲೇಸು.