ರೆಕ್ಕೆಯಲ್ಲಿ ಕಿಟಕಿ, ಬಾಯಿಗೆ ಬೀಗ

ಮಲೆನಾಡು, ಕೊಡಗು, ಕರಾವಳಿಯ ತೋಟದ ಮನೆಗಳಲ್ಲಿ ಕೆಲವೊಮ್ಮೆ ಬೆಳಗಾಗುವಷ್ಟರಲ್ಲಿ ಗೋಡೆಯ ಮೇಲೊಂದು ಕೆಂಗಂದು ಪತಂಗ ಕೂತಿರುತ್ತದೆ. ಅಗಲ ಅಂಗೈಗಿಂತ ಹೆಚ್ಚು. ಮಕ್ಕಳು ಫೋಟೊ ತೆಗೆಯುತ್ತಾರೆ, ಅಜ್ಜಿ ಸಕ್ಕರೆ ನೀರು ತಂದಿಡುತ್ತಾರೆ. ಪತಂಗ ಅದರ ಕಡೆ ತಿರುಗುವುದಿಲ್ಲ. ಉಣ್ಣಲು ಬರುವಂಥ ಬಾಯಿಯೇ ಅದಕ್ಕಿಲ್ಲ.

ಇದು ಅಟ್ಲಾಸ್ ಪತಂಗ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಅಟಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ್ದು. ನಮ್ಮ ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇರುವುದು ಅದರ ಹತ್ತಿರದ ಬಂಧು ಅಟಾಕಸ್ ಟಾಪ್ರೊಬಾನಿಸ್. ಗುರುತು ಹಿಡಿಯುವುದು ಕಷ್ಟವಲ್ಲ. ನಾಲ್ಕೂ ರೆಕ್ಕೆಗಳ ನಡುವೆ ಗಾಜಿನಂತೆ ಪಾರದರ್ಶಕವಾದ ತ್ರಿಕೋನ ಮಚ್ಚೆಗಳಿರುತ್ತವೆ, ಮುಂದಿನ ರೆಕ್ಕೆಯ ಬಾಗಿದ ತುದಿಯಲ್ಲಿ ಹಾವಿನ ತಲೆಯಂಥ ಚಿತ್ರ. ಟಸಾರ್ ಪತಂಗದ ಮಚ್ಚೆಗಳು ದುಂಡಗೆ ಕಣ್ಣಿನಂತೆ ಕಾಣುತ್ತವೆ. ತಿಳಿಹಸಿರು ಬಣ್ಣ, ಉದ್ದ ಬಾಲ ಇದ್ದರೆ ಅದು ಚಂದ್ರ ಪತಂಗ. ಇನ್ನು ಗಂಡೋ ಹೆಣ್ಣೋ ತಿಳಿಯಲು ಕುಡಿಮೀಸೆ ನೋಡಿ: ಗಂಡಿನದು ಅಗಲವಾದ ಗರಿಯಂತಿರುತ್ತದೆ, ಹೆಣ್ಣಿನದು ಸಪೂರ. ಮೈಗಾತ್ರದಲ್ಲಿ ಹೆಣ್ಣೇ ದೊಡ್ಡದು.

ಈ ಬದುಕಿನ ಊಟವೆಲ್ಲ ಕಂಬಳಿಹುಳುವಿನ ಕಾಲದಲ್ಲೇ ಮುಗಿದಿರುತ್ತದೆ. ಎಲೆಯ ಅಡಿಯಲ್ಲಿಟ್ಟ ಮೊಟ್ಟೆ ಸುಮಾರು ಎರಡು ವಾರದೊಳಗೆ ಒಡೆಯುತ್ತದೆ. ತಿಳಿಹಸಿರು ಮೈಮೇಲೆ ಬಿಳಿ ಮೇಣದ ಪುಡಿ ಹೊದ್ದ ಹುಳು ದಾಲ್ಚಿನ್ನಿಯಂಥ ಮರಗಳ ಎಲೆಯನ್ನು ಎಡೆಬಿಡದೆ ಮೇಯುತ್ತದೆ, ಪೊರೆ ಕಳಚುತ್ತ ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತದೆ. ಆಮೇಲೆ ಎಲೆಯನ್ನೇ ಮಡಚಿ ಕಂದು ಗೂಡು ಕಟ್ಟಿ, ಎಲೆ ಉದುರಿದರೂ ಗೂಡು ಬೀಳದಂತೆ ಅದನ್ನು ರೇಷ್ಮೆಯಿಂದ ಕೊಂಬೆಗೆ ಬಿಗಿಯುತ್ತದೆ. ಈ ಜಾಣತನ ನನಗೆ ರೆಕ್ಕೆಯ ಬೆಡಗಿಗಿಂತ ದೊಡ್ಡದಾಗಿ ಕಾಣುತ್ತದೆ. ಒಳಗಿನ ಪ್ಯೂಪಾ ಒಂದು ತಿಂಗಳಿಗೇ ಪತಂಗವಾಗಬಹುದು. ಹವೆ ಒಣಗಿದ್ದರೆ ತಿಂಗಳುಗಟ್ಟಲೆ ಮಲಗಿಯೂ ಇರಬಹುದು.

ಹೊರಬಂದ ಹೆಣ್ಣು ಹೆಚ್ಚು ದೂರ ಹೋಗದೆ ಗಾಳಿಯಲ್ಲಿ ತನ್ನ ಗಂಧ ಬಿಡುತ್ತದೆ. ಗಂಡು ಅದನ್ನು ಕುಡಿಮೀಸೆಯಿಂದಲೇ ಹಿಡಿದು ಕತ್ತಲಲ್ಲಿ ಹಾರಿ ಬರುತ್ತದೆ. ಕೂಡಿಟ್ಟ ಕೊಬ್ಬಿನ ಮೇಲೆ ಬದುಕುವುದು ಒಂದೆರಡು ವಾರ ಮಾತ್ರ.

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆ ಗೂಡಿನಂತೆ ಈ ಪತಂಗದ ಗೂಡಿನ ಎಳೆ ಉದ್ದಕ್ಕೆ ಬಿಚ್ಚಿಕೊಳ್ಳುವುದಿಲ್ಲ. ತುಂಡು ಎಳೆಗಳ ಈ ಒರಟು ರೇಷ್ಮೆಗೆ ಫಗಾರಾ ಎಂಬ ಹೆಸರಿದೆ. ಬೆಳೆದು ಮಾರುವವರು ತೀರಾ ಕಡಿಮೆ.

ಇಷ್ಟು ಚಿಕ್ಕ ಬದುಕಿನ ಈ ಪತಂಗ ಗೋಡೆಯ ಮೇಲೆ ಕಂಡಾಗ ಹಿಡಿಯಬೇಡಿ, ಮುಟ್ಟಿದರೆ ರೆಕ್ಕೆಯ ಹುರುಪೆ ಉದುರುತ್ತದೆ. ರಾತ್ರಿ ಹೊರಗಿನ ದೀಪ ಆರಿಸಿ, ಅದರ ಪಾಡಿಗೆ ಬಿಡಿ. ತೋಟದ ದಾಲ್ಚಿನ್ನಿಯಲ್ಲಿ ಬಿಳಿ ಪುಡಿ ಹೊದ್ದ ದಪ್ಪ ಹುಳು ಕಂಡರೆ ಔಷಧಿ ಹೊಡೆಯಬೇಡಿ.