ಕಂಪ್ಯೂಟರ್ ಎದುರಾಳಿಗೆ ಸಿಟ್ಟು ಬರುವುದು ಎಲ್ಲಿಂದ?

ಗಾಂಧೀಜಿ ಅಣುಬಾಂಬ್ ಹಾಕಿದರು ಎಂದರೆ ಯಾರೂ ನಂಬುವುದಿಲ್ಲ. ಆದರೆ ‘ಸಿವಿಲೈಸೇಶನ್’ ಎಂಬ ಕಂಪ್ಯೂಟರ್ ಆಟಗಳ ಸರಣಿ ಆಡುವವರ ನಡುವೆ ಇದು ದಿನನಿತ್ಯದ ಮಾತು. ಅದಕ್ಕೊಂದು ತಾಂತ್ರಿಕ ಕಾರಣವೂ ಎಲ್ಲರಿಗೂ ಬಾಯಿಪಾಠ. 1991ರಲ್ಲಿ ಸಿಡ್ ಮೆಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಮೊದಲ ಆಟದಲ್ಲಿ ಪ್ರತಿ ನಾಯಕನಿಗೂ ಆಕ್ರಮಣಶೀಲತೆಗೆ ಒಂದು ಅಂಕವಿತ್ತಂತೆ. ಆಟದ ಗಾಂಧಿಗೆ ಸಿಕ್ಕಿದ್ದು ಎಲ್ಲರಿಗಿಂತ ಕಡಿಮೆ, ಬರೀ 1. ಭಾರತ ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಿಂದ 2 ಕಳೆಯಬೇಕಿತ್ತಂತೆ. ಋಣಸಂಖ್ಯೆ ಹಿಡಿಸದ ಎಂಟು ಬಿಟ್‌ಗಳ ಜಾಗದಲ್ಲಿ ಮೈನಸ್ 1 ಸುತ್ತು ಹೊಡೆದು 255 ಆಗಿ, ಅಹಿಂಸೆಯ ನಾಯಕ ರಾತ್ರೋರಾತ್ರಿ ಜಗತ್ತಿನ ಅತಿ ದೊಡ್ಡ ಯುದ್ಧಕೋರನಾದನಂತೆ.

ಈ ‘ಅಂತೆ’ಗಳೆಲ್ಲ ಸುಳ್ಳು. ಅಂಥ ಬಗ್ ಎಂದೂ ಇರಲಿಲ್ಲ ಎಂದು 2020ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಮೆಯರ್ ಅವರೇ ಹೇಳಿದ್ದಾರೆ. ಎರಡನೆಯ ಆಟದ ಮುಖ್ಯ ವಿನ್ಯಾಸಕ ಬ್ರಯನ್ ರೆನಾಲ್ಡ್ಸ್ ಕೊಟ್ಟ ವಿವರ ಇನ್ನೂ ಸರಳ: ಮೊದಲ ಆಟದಲ್ಲಿ ಆಕ್ರಮಣಶೀಲತೆಗೆ ಇದ್ದದ್ದೇ ಮೂರು ಹಂತ, ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿ ಗಾಂಧಿಯ ಜೊತೆ ಬೇರೆ ಹಲವು ನಾಯಕರೂ ಇದ್ದರು. 255 ಎಂಬ ಅಂಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಈ ಕಥೆ ಅಂತರ್ಜಾಲದಲ್ಲಿ ಹರಡಿದ್ದೂ ಆಟ ಬಂದು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ.

ಹಾಗಾದರೆ ಗಾಂಧಿಯ ಬಾಂಬ್ ಬೆದರಿಕೆಯನ್ನು ಕಂಡೆವೆಂದು ಹಳೆಯ ಆಟಗಾರರು ಹೇಳುವುದು ಸುಳ್ಳೇ? ಅಲ್ಲ. ಆ ಆಟದಲ್ಲಿ ಅಣ್ವಸ್ತ್ರ ಕೈಗೆ ಬಂದ ಯಾವ ನಾಯಕನಾದರೂ ಅದೇ ಬೆದರಿಕೆಯ ಸಾಲನ್ನು ಹೇಳುತ್ತಿದ್ದ. ಲಿಂಕನ್ ಹೇಳಿದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಗಾಂಧಿಯ ಮುಖದ ಕೆಳಗೆ ಆ ಸಾಲು ಬಂದಾಗ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲೆ 2010ರ ‘ಸಿವಿಲೈಸೇಶನ್ 5’ರಲ್ಲಿ ವಿನ್ಯಾಸಕ ಜಾನ್ ಶೇಫರ್ ತಮಾಷೆಗೆಂದೇ ಗಾಂಧಿಯ ಅಣ್ವಸ್ತ್ರ ಬಳಕೆಯ ಅಂಕವನ್ನು 12ಕ್ಕೆ ಏರಿಸಿದರು. ಅಲ್ಲಿನ ನಾಯಕರ ಒಲವುಗಳ ಅಳತೆ 1ರಿಂದ 10ರವರೆಗೆ. ಪ್ರತಿ ಆಟದಲ್ಲೂ ಅದು ಎರಡು ಅಂಕದವರೆಗೆ ಮೇಲೆ ಕೆಳಗೆ ಆಗುತ್ತದೆ. 12ರಿಂದ ಎರಡು ಕಳೆದರೂ 10 ಉಳಿಯುತ್ತದೆ. ಅಂದರೆ ಈ ಗಾಂಧಿ ಅಣ್ವಸ್ತ್ರ ಇದ್ದರೆ ಬಳಸಲು ಸದಾ ಸಿದ್ಧ. ಆದರೆ ಯುದ್ಧ ಆರಂಭಿಸುವ ಒಲವಿನ ಅಂಕವೇ ಬೇರೆ, ಅದು ಅವನಿಗೆ ಕಡಿಮೆಯೇ ಇದೆ. ತಾನಾಗಿ ಜಗಳಕ್ಕೆ ಬರುವುದು ಅಪರೂಪ, ಜಗಳ ಬಂದರೆ ಬಾಂಬ್‌ಗೆ ಕೈ ಹಾಕಲು ಹಿಂಜರಿಕೆಯಿಲ್ಲ.

ಈ ದಂತಕಥೆಯನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಎದುರಾಳಿ ಮೈಮೇಲೆ ಬಂದಾಗೆಲ್ಲ ‘ಬಗ್ ಇರಬೇಕು’, ‘ಕಂಪ್ಯೂಟರ್‌ಗೆ ತಲೆ ಕೆಟ್ಟಿದೆ’ ಎಂದು ಕೈ ತೊಳೆದುಕೊಳ್ಳುವ ಅಭ್ಯಾಸವನ್ನು ಅದು ಕಲಿಸುತ್ತದೆ. ಆಟದೊಳಗಿನ ಪ್ರತಿ ದಾಳಿಯ ಹಿಂದೆ ಯಾರೋ ವಿನ್ಯಾಸಕ ಕೂತು ಬರೆದ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಓದುವುದರಲ್ಲೇ ಈ ಆಟಗಳ ಅರ್ಧ ಸೊಗಸಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

‘ನಾನು ಏನೂ ಮಾಡದಿದ್ದರೂ ಯುದ್ಧ ಸಾರಿದ’ ಎಂಬ ದೂರನ್ನೇ ನೋಡಿ. 2005ರಲ್ಲಿ ಸೊರೆನ್ ಜಾನ್ಸನ್ ಮುಂದಾಳತ್ವದಲ್ಲಿ ಬಂದ ‘ಸಿವಿಲೈಸೇಶನ್ 4’ ಈ ಲೆಕ್ಕದ ಬಹುಪಾಲನ್ನು ತೆರೆದೇ ಇಟ್ಟಿತು. ನಾಯಕನ ಹೆಸರಿನ ಮೇಲೆ ಮೌಸ್ ಒಯ್ದರೆ ಅವನು ನಿಮ್ಮನ್ನು ಹೇಗೆ ಕಾಣುತ್ತಾನೆ ಎಂಬುದು ಕೂಡು-ಕಳೆಗಳ ಪಟ್ಟಿಯಾಗಿ ಮೂಡುತ್ತದೆ. ಇಬ್ಬರದೂ ಒಂದೇ ಧರ್ಮವಾದರೆ ಇಷ್ಟು ಕೂಡು. ಅವನ ಕಡುವೈರಿಯೊಡನೆ ವ್ಯಾಪಾರ ಮಾಡಿದ್ದಕ್ಕೆ ಇಷ್ಟು ಕಳೆ. ಕೇಳಿದ್ದನ್ನು ಕೊಡದೆ ಬರಿಗೈಲಿ ಕಳಿಸಿದ್ದಕ್ಕೆ ಮತ್ತಷ್ಟು ಕಳೆ. ಗಡಿಗೆ ಗಡಿ ತಾಗಿಕೊಂಡಿದ್ದರೆ ಅದಕ್ಕೂ ಕಳೆ. ಇದರ ಜೊತೆಗೆ ಯುದ್ಧದ ಯೋಚನೆ ಬಂದಾಗ ಅವನು ನಿಮ್ಮ ಸೈನ್ಯಬಲವನ್ನು ತನ್ನದರೊಡನೆ ತೂಗಿ ನೋಡುತ್ತಾನೆ. ಊರ ಮೇಲೆ ಊರು ಕಟ್ಟುತ್ತ, ಕಾವಲಿಗೆ ಒಬ್ಬೊಬ್ಬ ಬಿಲ್ಲಾಳನ್ನು ಬಿಟ್ಟು, ‘ನಾನು ಶಾಂತಿಪ್ರಿಯ’ ಎಂದುಕೊಳ್ಳುವ ಆಟಗಾರ ಆ ತಕ್ಕಡಿಯಲ್ಲಿ ಸುಲಭದ ತುತ್ತು, ಅಷ್ಟೇ.

ನೆರೆಯವನೇ ಮೊದಲ ಶತ್ರು ಎಂಬುದು ಕಂಪ್ಯೂಟರ್ ಕಂಡುಹಿಡಿದ ವಿಷಯವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮಂಡಲ ಸಿದ್ಧಾಂತ ಹೇಳುವುದು ಇದನ್ನೇ: ಗಡಿ ಹಂಚಿಕೊಂಡವನು ಅರಿ, ಅವನಾಚೆಗಿನವನು ಮಿತ್ರ. 2018ರಲ್ಲಿ ‘ಸಿವಿಲೈಸೇಶನ್ 6’ಕ್ಕೆ ಸೇರಿದ ಚಂದ್ರಗುಪ್ತ ಮೌರ್ಯ ಅದನ್ನೇ ಆಡಿ ತೋರಿಸುತ್ತಾನೆ. ಅವನ ವಿಶೇಷ ಶಕ್ತಿಯ ಹೆಸರೇ ಅರ್ಥಶಾಸ್ತ್ರ. ಗಡಿಗೆ ಅಂಟಿದವರನ್ನು ಕಂಡರೆ ಅವನಿಗಾಗದು, ದೂರದವರೊಡನೆ ಸ್ನೇಹ. ರಾಜ್ಯ ಬಿಟ್ಟು ಬಂದು ಸಲ್ಲೇಖನದಿಂದ ಶ್ರವಣಬೆಳಗೊಳದಲ್ಲಿ ದೇಹ ತ್ಯಜಿಸಿದನೆಂದು ಜೈನ ಪರಂಪರೆ ನೆನೆಯುವ ಚಂದ್ರಗುಪ್ತನೇ ಈತ. ಆಟಕ್ಕೆ ಬೇಕಾದದ್ದು ಮಾತ್ರ ಅವನ ಯೌವನ. ಇಂಥವನ ಪಕ್ಕದಲ್ಲಿ ನಿಮ್ಮ ರಾಜಧಾನಿ ಬಿದ್ದರೆ ಎಷ್ಟು ಕಾಣಿಕೆ ಕೊಟ್ಟರೂ ಆ ಕಳೆಯುವ ಅಂಕ ಹೋಗುವುದಿಲ್ಲ. ಗಡಿಗೋಡೆ ಕಟ್ಟುವುದು, ಅವನಾಚೆಗಿನವನ ಜೊತೆ ಒಪ್ಪಂದ ಮಾಡಿಕೊಳ್ಳುವುದು ಲೇಸು.

‘ನಗುನಗುತ್ತಲೇ ಬೆನ್ನಿಗೆ ಚೂರಿ ಹಾಕಿದ’ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ನಾಲ್ಕನೆಯ ಆಟದಲ್ಲಿ ಮನೋಭಾವಕ್ಕೆ ಐದು ಮೆಟ್ಟಿಲು. ಮೇಲಿನ ‘ಸ್ನೇಹ’ದ ಮೆಟ್ಟಿಲಲ್ಲಿ ಬಹುತೇಕ ನಾಯಕರು ತಾವಾಗಿ ಯುದ್ಧ ಸಾರುವುದಿಲ್ಲ. ಅದರ ಕೆಳಗಿನ ‘ಸಂತುಷ್ಟ’ದಲ್ಲಿ ಹಲವರು ಸಾರುತ್ತಾರೆ. ಆಟಗಾರರು ಮೋಸ ಹೋಗುವುದು ಬಹಳ ಸಲ ಇಲ್ಲಿಯೇ, ಸಂತುಷ್ಟನನ್ನು ಸ್ನೇಹಿತನೆಂದು ಬಗೆದು. ಮುನ್ಸೂಚನೆಯೂ ಇತ್ತು. ಮಾತುಕತೆಯ ಪರದೆಯಲ್ಲಿ ಅವನನ್ನು ಮೂರನೆಯವನ ಮೇಲೆ ಯುದ್ಧಕ್ಕೆ ಬರಲು ಕೇಳಲು ಹೋದಾಗ ‘ಈಗಾಗಲೇ ಕೈತುಂಬ ಕೆಲಸವಿದೆ’ ಎಂಬರ್ಥದ ಉತ್ತರ ಕಂಡು, ಅವನು ಯಾರೊಡನೆಯೂ ಯುದ್ಧದಲ್ಲಿ ಇಲ್ಲದಿದ್ದರೆ, ಎಲ್ಲೋ ದಂಡು ಕೂಡುತ್ತಿದೆ ಎಂದೇ ಲೆಕ್ಕ. ಗುರಿ ನೀವೇ ಇರಬಹುದು. ಐದನೆಯ ಆಟ ಒಂದು ಹೆಜ್ಜೆ ಮುಂದೆ ಹೋಯಿತು: ಹೊರಗೆ ಸ್ನೇಹ ತೋರಿಸಿ ಒಳಗೆ ಹಗೆ ಇಟ್ಟುಕೊಳ್ಳುವ ಧೋರಣೆಯನ್ನೇ ಅದರ ನಾಯಕರಿಗೆ ಕೊಟ್ಟರು. ಅಲ್ಲಿ ಚೂರಿ ನಿಜ, ಅದೂ ವಿನ್ಯಾಸದ ಭಾಗ.

ಕಠಿಣ ಹಂತ ಆರಿಸಿದರೆ ಕಂಪ್ಯೂಟರ್ ಹೆಚ್ಚು ಬುದ್ಧಿವಂತವಾಗುತ್ತದೆ ಎಂಬ ನಂಬಿಕೆಗೆ ಉತ್ತರ ಚಿಕ್ಕದು. ಆರನೆಯ ಆಟದ ಅತಿ ಕಠಿಣ ‘ಡೀಯಿಟಿ’ ಹಂತದಲ್ಲಿ ನಿಮಗೆ ಊರು ಸ್ಥಾಪಿಸುವ ಒಂದು ತಂಡ ಸಿಕ್ಕರೆ ಎದುರಾಳಿಗೆ ಮೂರು. ಉತ್ಪಾದನೆ ಮತ್ತು ಚಿನ್ನದಲ್ಲಿ ಅವನಿಗೆ ಶೇ 80 ಹೆಚ್ಚುವರಿ, ವಿಜ್ಞಾನ ಮತ್ತು ಸಂಸ್ಕೃತಿಯಲ್ಲಿ ಶೇ 32. ಬುದ್ಧಿ ಇದ್ದಷ್ಟೇ, ಬಂಡವಾಳ ಮಾತ್ರ ಬೆಟ್ಟದಷ್ಟು. ಆಟ ಶುರುವಾಗಿ ಕೆಲವೇ ಸರದಿಗಳಲ್ಲಿ ಅವನು ಏರಿಬರುವುದಕ್ಕೂ ಮುಖ್ಯ ಕಾರಣ ಮೊದಲ ದಿನದಿಂದಲೇ ಕೈಯಲ್ಲಿರುವ ಹೆಚ್ಚುವರಿ ಯೋಧರು.

ಇದನ್ನು ಮೋಸವೆನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಏಕೆಂದರೆ ತಕ್ಕಡಿ ನಮ್ಮ ಕಡೆಗೂ ವಾಲಿದೆ, ನಾವು ಗಮನಿಸುವುದಿಲ್ಲ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೇಮ್ ಅಭಿವರ್ಧಕರ ಸಮ್ಮೇಳನದಲ್ಲಿ ಮೆಯರ್ ‘ಸಿವಿಲೈಸೇಶನ್ ರೆವಲ್ಯೂಶನ್’ ಪರೀಕ್ಷೆಯ ಅನುಭವ ಹೇಳಿದರು. ಒಂದಕ್ಕೆ ಮೂರು ಪಟ್ಟು ಬಲವಿದ್ದರೆ ನಾಲ್ಕರಲ್ಲಿ ಒಂದು ಸಲ ಸೋಲಬೇಕು. ಗಣಿತ ಹೇಳುವುದು ಅದು. ಆಟಗಾರರು ಆ ಒಂದು ಸೋಲನ್ನೂ ಒಪ್ಪಲಿಲ್ಲ. ಅದೇ ಅನುಪಾತದಲ್ಲಿ ತಾವು ದುರ್ಬಲರಾಗಿದ್ದು ಗೆದ್ದಾಗ ಅದು ಸರಿಯಾಗಿಯೇ ಕಂಡಿತು. ಎರಡಕ್ಕೆ ಒಂದರ ಕಾಳಗದಲ್ಲಿ ಸೋಲನ್ನು ಒಪ್ಪಿದವರು ಇಪ್ಪತ್ತಕ್ಕೆ ಹತ್ತರಲ್ಲಿ ಒಪ್ಪಲಿಲ್ಲ. ಕೊನೆಗೆ ತಂಡವು ಹಿಂದಿನ ಸೋಲುಗಳನ್ನು ನೆನಪಿಟ್ಟುಕೊಂಡು ಆಟಗಾರನ ಕಡೆಗೆ ಅದೃಷ್ಟವನ್ನು ತುಸು ಬಾಗಿಸಬೇಕಾಯಿತು. ಜಾನ್ಸನ್ ಕೂಡ 2008ರಲ್ಲಿ ಅದೇ ಸಮ್ಮೇಳನದ ಉಪನ್ಯಾಸದಲ್ಲಿ ವಾದಿಸಿದ್ದು ಇದನ್ನೇ: ಗೆಲ್ಲಲೇಬೇಕೆಂದು ಆಡುವ ಎದುರಾಳಿ ಬೇರೆ, ಆಡಲು ಖುಷಿ ಕೊಡುವ ಎದುರಾಳಿ ಬೇರೆ, ಎರಡನೆಯದು ಚೆನ್ನಾಗಿ ಸೋಲಲೂ ತಿಳಿದಿರಬೇಕು.

‘ಎಲ್ಲ ಸೇರಿ ನನ್ನೊಬ್ಬನ ಮೇಲೆ ಬೀಳುತ್ತಾರೆ’ ಎಂಬುದು ಆಟದಿಂದ ಆಟಕ್ಕೆ ಬೇರೆ. 2011ರ ‘ಟೋಟಲ್ ವಾರ್: ಶೋಗನ್ 2’ರಲ್ಲಿ ಅದು ಅಕ್ಷರಶಃ ನಿಜ. ನಿಮ್ಮ ಕೀರ್ತಿ ಒಂದು ಮಿತಿ ದಾಟಿದ ಕೂಡಲೇ ಶೋಗನ್ ನಿಮ್ಮನ್ನು ವೈರಿಯೆಂದು ಸಾರುತ್ತಾನೆ, ಜಪಾನಿನ ಕುಲಗಳು ಒಂದೊಂದಾಗಿ ತಿರುಗಿಬೀಳುತ್ತವೆ, ಹಳೆಯ ಮಿತ್ರರೂ ಉಳಿಯುವುದಿಲ್ಲ. ಗೆಲ್ಲುವ ಹೊತ್ತಿಗೆ ಆಟ ಸಪ್ಪೆಯಾಗಬಾರದೆಂದು ಮಾಡಿದ ಏರ್ಪಾಡು ಅದು. ಆ ಮಿತಿ ಮುಟ್ಟುವ ಮೊದಲೇ ಕಣಜ, ಖಜಾನೆ ತುಂಬಿಸಿಟ್ಟುಕೊಂಡವನಿಗೆ ಅದು ಅನ್ಯಾಯವೆನಿಸದು.

ಇತ್ತೀಚೆಗೆ ಸೇರಿಕೊಂಡ ಇನ್ನೊಂದು ನಂಬಿಕೆಯಿದೆ: ಎಐ ಅಂದಮೇಲೆ ಅದು ನನ್ನ ಆಟ ನೋಡಿ ಕಲಿಯುತ್ತಿರಬೇಕು. ಅಂಥ ಕಲಿಕೆ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಬೇರೆ ಕಡೆ ಇದೆ. 1959ರಲ್ಲಿ ಅಲನ್ ಕ್ಯಾಲ್‌ಹ್ಯಾಮರ್ ಹೊರತಂದ ‘ಡಿಪ್ಲೊಮಸಿ’ ಎಂಬ ಹಲಗೆ ಆಟದಲ್ಲಿ ಏಳು ಯುರೋಪಿಯನ್ ಶಕ್ತಿಗಳು. ದಾಳ ಇಲ್ಲ, ಮಾತುಕತೆಯೇ ಬಂಡವಾಳ. 2022ರ ನವೆಂಬರಿನಲ್ಲಿ ಮೆಟಾ ಕಂಪನಿ ಪ್ರಕಟಿಸಿದ ‘ಸಿಸೆರೊ’ ಎಂಬ ಎಐ ಅದನ್ನು ಮನುಷ್ಯರೊಡನೆ ಆನ್‌ಲೈನ್‌ನಲ್ಲಿ 40 ಪಂದ್ಯ ಆಡಿ, ಒಂದಕ್ಕಿಂತ ಹೆಚ್ಚು ಪಂದ್ಯ ಆಡಿದವರ ಪೈಕಿ ಮೇಲಿನ ಶೇ 10ರೊಳಗೆ ಬಂತು. ಮನುಷ್ಯರು ಆಡಿದ ಅಪಾರ ಪಂದ್ಯಗಳ ಸಂಭಾಷಣೆಗಳನ್ನು ಓದಿಸಿ ಅದನ್ನು ಪಳಗಿಸಿದ್ದರು. ಪ್ರಾಮಾಣಿಕವಾಗಿ ಮಾತಾಡಬೇಕೆಂದು ರೂಪಿಸಿದ್ದರೂ ಅದು ಮಾತು ಕೊಟ್ಟು ತಪ್ಪಿದ ಪ್ರಸಂಗಗಳನ್ನು ಆಮೇಲೆ ಸಂಶೋಧಕರು ಎತ್ತಿ ತೋರಿಸಿದರು. ಮನೆಯ ಕಂಪ್ಯೂಟರ್‌ನಲ್ಲಿನ ‘ಸಿವಿಲೈಸೇಶನ್ 4’ರ ನಾಯಕ ಮಾಂಟೆಝುಮಾಗೆ ಅಂಥ ಓದು ಇಲ್ಲ. ನಿನ್ನೆ ಅವನ ರಾಜಧಾನಿಯನ್ನೇ ಸುಟ್ಟಿದ್ದರೂ ಇವತ್ತು ಹೊಸ ಆಟ ತೆರೆದರೆ ಅವನು ಬರುವುದು 2005ರಲ್ಲಿ ಬರೆದಿಟ್ಟ ಅವೇ ಅಂಕಗಳೊಂದಿಗೆ, ನಿಮ್ಮ ಮೇಲೆ ಯಾವ ಹಳೆಯ ಹಗೆಯೂ ಇಲ್ಲದೆ.