ನೀರುಬ್ರಾಹ್ಮಿಯನ್ನು ಗುರುತಿಸುವ ಬಗೆ

ಬ್ರಾಹ್ಮಿಯ ಹೆಸರನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ವಿರಳ. ಆದರೆ ಈ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಸಸ್ಯಗಳನ್ನು ಕರೆಯುವ ರೂಢಿಯುಂಟೆಂಬುದನ್ನು ಅನೇಕರು ಅರಿಯರು. ಮಲೆನಾಡಿನವರು ತಂಬುಳಿಗೆ ಬಳಸುವ ಒಂದೆಲಗವು ಒಂದು. ಕೆರೆಯಂಚಿನ ನೀರುಬ್ರಾಹ್ಮಿಯು ಮತ್ತೊಂದು. ಚರಕಸಂಹಿತೆಯು ಮೇಧ್ಯವೆಂದು ಹೇಳುವ ನಾಲ್ಕು ರಸಾಯನಗಳಲ್ಲಿ ಒಂದಾದ ಮಂಡೂಕಪರ್ಣಿಯೇ ನಮ್ಮ ಒಂದೆಲಗವೆಂದು ವೈದ್ಯರು ಎಣಿಸುತ್ತಾರೆ. ಇಂದಿನ ಆಯುರ್ವೇದ ಗ್ರಂಥಗಳಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಆದುದರಿಂದ ಇವೆರಡರ ಭೇದವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ಒಂದೆಲಗದ ಎಲೆಯು ಮೂತ್ರಪಿಂಡದ ಆಕಾರದ್ದು. ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದು, ಉದ್ದನೆಯ ತೊಟ್ಟಿನ ಮೇಲೆ ನಿಂತಿರುವುದು. ಅದರ ಹೂವು ಎಲೆಗಳ ಕೆಳಗೆ ಅಡಗಿರುವಷ್ಟು ಚಿಕ್ಕದು. ನೀರುಬ್ರಾಹ್ಮಿಯಾದರೋ ನೆಲದ ಮೇಲೆ ಹರಡಿ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ಸಾಗುವುದು. ದಂಟು ಮೆತ್ತಗೆ, ರಸಭರಿತ. ಪ್ರತಿ ಗೆಣ್ಣಿನಲ್ಲಿಯೂ ಎರಡೆರಡು ಎಲೆಗಳು ಎದುರುಬದುರಾಗಿರುವುವು, ಅವಕ್ಕೆ ತೊಟ್ಟಿಲ್ಲ. ಎಲೆಯು ಅಂಗುಲವನ್ನು ಮೀರುವುದು ಅಪರೂಪ. ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ದುಂಡಗಾಗಿ, ಪುಟ್ಟ ಚಮಚದಂತೆ ಕಾಣುವುದು. ಎಲೆಯ ಕಂಕುಳಿನಿಂದ ತೆಳುವಾದ ತೊಟ್ಟಿನ ಮೇಲೆ ಒಂದೊಂದೇ ಹೂವು ಏಳುವುದು. ಐದು ಸೀಳುಗಳ ಆ ಹೂವು ಬಿಳುಪು, ಇಲ್ಲವೆ ತಿಳಿನೇರಳೆ ಬಣ್ಣದ್ದು. ಗೋಣಿಸೊಪ್ಪಿನ ಎಲೆಯೂ ಹೆಚ್ಚು ಕಡಮೆ ಹೀಗೆಯೇ ದಪ್ಪಗಿದ್ದರೂ ಅದರ ಹೂವು ಹಳದಿಯಾದುದರಿಂದ ಸಂಶಯಕ್ಕೆಡೆಯಿಲ್ಲ. ನೀರುಬ್ರಾಹ್ಮಿಯ ರುಚಿಯು ಬಲು ಕಹಿ.

ಕೆರೆಯ ಅಂಚು, ಗದ್ದೆಯ ಬದು, ಕಾಲುವೆಯ ದಡ, ಜೌಗುನೆಲ—ಇವೇ ಇದರ ನೆಲೆ. ಕಾಲಡಿಯಲ್ಲಿ ನೀರು ಜಿನುಗುವಷ್ಟು ತೇವವೂ ಮೇಲೆ ಬಿಸಿಲೂ ಇದ್ದರೆ ಚಾಪೆ ಹಾಸಿದಂತೆ ಬೆಳೆಯುವುದು. ಸಮುದ್ರತೀರದ ಉಪ್ಪುನೀರಿನ ಜೌಗನ್ನೂ ಇದು ಸಹಿಸಬಲ್ಲುದು.

ಗಿಡವನ್ನು ಗುರುತಿಸಿದರೆ ಮಾತ್ರ ಸಾಲದು, ಅದು ನಿಂತ ನೀರನ್ನೂ ನೋಡಬೇಕು. ಊರಿನ ಕೊಳಚೆಯು ಸೇರುವ ಕೆರೆಯಲ್ಲಿಯೂ ಇದು ಹಸುರಾಗಿ ಬೆಳೆದು ಕಣ್ಣನ್ನು ಮೋಸಗೊಳಿಸುವುದು. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳನ್ನು ಹೀರಿ ತನ್ನಲ್ಲಿ ಕೂಡಿಟ್ಟುಕೊಳ್ಳುವ ಗುಣವು ಇದಕ್ಕುಂಟೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಹಾಗೆ ಒಳಸೇರಿದ ವಿಷವು ಎಲೆಯನ್ನು ತೊಳೆದ ಮಾತ್ರಕ್ಕೆ ಹೋಗದು. ಮಕ್ಕಳಿಗೆ ಬುದ್ಧಿ ಬರಲೆಂದು ಕೊಡುವ ಸೊಪ್ಪಿನಲ್ಲಿ ಮಿದುಳಿಗೆ ಕೇಡು ಮಾಡುವ ಸೀಸವೇ ಇದ್ದರೆ ಫಲವೇನು?

ಆದುದರಿಂದ ಶುದ್ಧವಾದ ಸ್ಥಳದಿಂದ ಒಂದು ಕವಲನ್ನು ತಂದು, ಅಗಲವಾದ ಕುಂಡದಲ್ಲಿ ನೆಟ್ಟು, ಮಣ್ಣು ಒಣಗದಂತೆ ಒಳ್ಳೆಯ ನೀರೆರೆದು ಬೆಳೆಸಿಕೊಳ್ಳುವುದು ಲೇಸು. ಔಷಧವಾಗಿ ಸೇವಿಸುವುದಾದರೆ ವೈದ್ಯರನ್ನು ಕೇಳಿಯೇ ಸೇವಿಸಬೇಕು. ಇನ್ನು ಊರ ಕೆರೆಗೆ ಕೊಳಚೆ ಬೀಳದಂತೆ ಕಾಯುವುದು ನಮ್ಮೆಲ್ಲರ ಕರ್ತವ್ಯ. ಕೆರೆಯು ಕೆಟ್ಟ ಮೇಲೆ ಬ್ರಾಹ್ಮಿಯ ಹೆಸರು ಉಳಿದೀತು, ಗುಣವು ಉಳಿಯಲಾರದು.